ಅತ್ತೆಯ ಬದಲು ಮಾತಾಡುವವರು

ಆ ಮನೆಯಲ್ಲಿ ರಾತ್ರಿಯ ಊಟ ಬಿಸಿಬಿಸಿಯಾಗಿ ಯಾರ ಬಾಯಿಗೂ ಹೋದದ್ದೇ ಇಲ್ಲ. ಅದರಲ್ಲಿ ಸೊಸೆಯ ತಪ್ಪೇನೂ ಇರಲಿಲ್ಲ. ಅವಳು ಹೊಲಿಗೆ ಯಂತ್ರದಿಂದ ಎದ್ದು, ಮೈಮೇಲಿನ ದಾರದ ಚೂರುಗಳನ್ನು ಕೊಡವಿಕೊಂಡು, ಅಡುಗೆ ಮುಗಿಸಿ, ಪಾತ್ರೆ ಹೊಗೆಯಾಡುತ್ತಿರುವಾಗಲೇ ತಂದು ಮೇಜಿನ ಮೇಲಿಟ್ಟು ಎಲ್ಲರ ತಟ್ಟೆಗೂ ಬಡಿಸಿಬಿಡುತ್ತಿದ್ದಳು. ಅಲ್ಲಿಂದಾಚೆಗೆ ಅವಳ ಕೈಯಲ್ಲಿ ಏನೂ ಇರುತ್ತಿರಲಿಲ್ಲ. ಅತ್ತೆ ತಮ್ಮ ಕುರ್ಚಿಯ ಹಿಂದೆ ನಿಂತು, ಅದರ ಬೆನ್ನನ್ನು ಎರಡು ಕೈಯಲ್ಲೂ ಗಟ್ಟಿಯಾಗಿ ಹಿಡಿದು, ದೇವರ ಜೊತೆ ಮಾತಿಗೆ ಶುರುಮಾಡುತ್ತಿದ್ದರು.

ಪ್ರಾರ್ಥನೆ ಅನ್ನಲು ಮನೆಯವರಿಗೇ ನಾಲಿಗೆ ಬರುತ್ತಿರಲಿಲ್ಲ. ಹಿತ್ತಲ ಗೋಡೆಯ ಆಚೆ ನಿಂತ ಪರಿಚಯದವರಿಗೆ ಸುದ್ದಿ ಹೇಳಿದ ಹಾಗಿರುತ್ತಿತ್ತು ಅದು.

"ನೋಡಪ್ಪಾ, ನನ್ನ ಮಗರಾಯ ಇವತ್ತು ಲಿಫ್ಟಿನ ನೆತ್ತಿ ಮೇಲೆ ಕೂತು ಕೆಲಸ ಮಾಡಿದಾನೆ. ಕೈಕಾಲು ನೆಟ್ಟಗಿಟ್ಕೊಂಡು ವಾಪಸ್ ಬಂದ, ನಿನ್ನಿಂದ ಉಪಕಾರ ಆಯ್ತು. ಮೊಮ್ಮಗಳಿಗೆ ಪರೀಕ್ಷೆ ಹತ್ತಿರ ಬಂತು, ಫೋನು ಮಾತ್ರ ದೂರ ಹೋಗಲಿಲ್ಲ. ಅದನ್ನ ನೀನೇ ನೋಡ್ಕೋ. ನಮ್ಮ ಯಜಮಾನರು ಮಂಡಿಗೆ ಎಣ್ಣೆ ಹಚ್ಕೊಳ್ಳಿ ಅಂದರೆ ಕಿವುಡು ನಟಿಸ್ತಾರೆ. ಸೊಸೆಗೆ ಬಲಭುಜ ನೋವು. ಅವಳು ಬಾಯಿಬಿಟ್ಟು ಹೇಳೋ ಪೈಕಿ ಅಲ್ಲ, ಅದಕ್ಕೇ ನಾನು ಹೇಳ್ತಿದೀನಿ."

ಅನ್ನದ ಮೇಲಿನ ಹಬೆ ಅಷ್ಟರಲ್ಲಿ ಅಡಗಿರುತ್ತಿತ್ತು. ಮಗ ತಟ್ಟೆಯನ್ನೇ ದಿಟ್ಟಿಸುತ್ತ ಕೂತಿರುತ್ತಿದ್ದ. ಲಿಫ್ಟ್ ಮೆಕ್ಯಾನಿಕ್ ಅವನು, ದೇವರಿಲ್ಲ ಅನ್ನುವವನು. ಅದನ್ನು ಅಡಗಿಸಿ ಇಟ್ಟವನೂ ಅಲ್ಲ, ಹಾಗಂತ ಅಮ್ಮನ ಮಾತಿಗೆ ಅಡ್ಡ ಬಂದವನೂ ಅಲ್ಲ. ಮಾತು ಮುಗಿದು ಎಲ್ಲರೂ ಕೈ ತೊಳೆದು ಕೂತ ಮೇಲೆ, ಮೊದಲ ತುತ್ತಿನ ಜೊತೆಗೇ, "ಯಾರಿಗಮ್ಮ ಇಷ್ಟೆಲ್ಲ ವರದಿ?" ಅನ್ನುತ್ತಿದ್ದ. ಅತ್ತೆ, "ನಿನ್ನ ಜ್ವರ ಇಳಿಸಿದವನಿಗೆ," ಅನ್ನುತ್ತಿದ್ದರು. ಇವನು ಮಗುವಾಗಿದ್ದಾಗ ಜ್ವರ ತಲೆಗೇರಿ ಮೂರ್ಛೆ ಹೋಗಿದ್ದನಂತೆ. ಇವನನ್ನು ಉಳಿಸಿಕೊಟ್ಟರೆ ಬದುಕಿರುವಷ್ಟು ಕಾಲ ದಿನಾ ಸಂಜೆ ಮನೆಯ ಸುದ್ದಿ ಬಾಯಾರೆ ಹೇಳುತ್ತೇನೆಂದು ಅವತ್ತು ಅವರು ಮಾತು ಕೊಟ್ಟಿದ್ದರು.

"ಜ್ವರ ಇಳಿಸಿದ್ದು ಔಷಧಿ."

"ಔಷಧಿಗೂ ಉಪಕಾರ ಹೇಳಿದೀನಿ ಕಣೋ. ನಿನ್ನ ಥರ ಅಲ್ಲ ನಾನು."

ಮಾವನವರ ಪಾಲಿನ ಮಾತು ಆಮೇಲೆ. ಅವರು ಪ್ಲಂಬರ್, ಅದರಲ್ಲೂ ಸೋರಿಕೆ ಹುಡುಕುವುದರಲ್ಲಿ ಪಳಗಿದವರು. ಗೋಡೆಯೊಳಗೆ, ನೆಲದಡಿಯಲ್ಲಿ ಎಲ್ಲೋ ನೀರು ಜಿನುಗುತ್ತಿದ್ದರೆ ಅವರನ್ನು ಈಗಲೂ ಕರೆಯುತ್ತಿದ್ದರು. ಒಂದು ಉದ್ದನೆಯ ಕಬ್ಬಿಣದ ಕಡ್ಡಿಯ ಒಂದು ತುದಿಯನ್ನು ಪೈಪಿಗೆ, ಇನ್ನೊಂದನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿಟ್ಟುಕೊಂಡು ಕಣ್ಣುಮುಚ್ಚಿ ನಿಲ್ಲುತ್ತಿದ್ದರು. ದೇವರ ವಿಷಯ ಬಂದಾಗ ಅವರದು ಒಂದೇ ಪದ: "ಗೊತ್ತಿಲ್ಲ."

"ಅಪ್ಪ, ಇದು ಜಾರಿಕೊಳ್ಳೋ ಮಾತು," ಅನ್ನುತ್ತಿದ್ದ ಮಗ.

"ಜಾರಿಕೊಳ್ಳೋಕೆ ನಾನೇನು ಒದ್ದೆ ನೆಲದ ಮೇಲೆ ನಿಂತಿಲ್ಲ. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂದೆ."

ವಾದ ಮಾಡಿ ಮಾಡಿಯೇ 'ವಕೀಲಮ್ಮ' ಅಂತ ಹೆಸರು ಸಂಪಾದಿಸಿದ್ದ ಕಾಲೇಜು ಹುಡುಗಿ ಮೊಮ್ಮಗಳು, "ಅಜ್ಜಿ ಇದಾನೆ, ಅಪ್ಪ ಇಲ್ಲ, ತಾತ ಗೊತ್ತಿಲ್ಲ. ಮೂರು ಓಟು ಮೂರು ಕಡೆ. ಅಮ್ಮಾ, ನೀನು ಯಾವ ಪಾರ್ಟಿ?" ಎಂದು ಒಮ್ಮೆ ಕೇಳಿದ್ದಳು.

"ನಾನು ಪಾತ್ರೆ ತೊಳೆಯೋ ಪಾರ್ಟಿ," ಎಂದು ಸೊಸೆ ಎದ್ದು ಹೋಗಿದ್ದಳು. ಎಲ್ಲರೂ ನಕ್ಕಿದ್ದರು. ಅವಳೂ ನಕ್ಕಿದ್ದಳು. ಆದರೆ ನಲ್ಲಿಯ ಕೆಳಗೆ ಕೈಯಿಟ್ಟಾಗ, ಹೌದಲ್ಲ, ನಾನು ಯಾವ ಕಡೆ ಎಂದು ಒಂದು ಕ್ಷಣ ಯೋಚನೆ ಬಂದದ್ದೂ ನಿಜ.

ಹೀಗೇ ನಡೆದುಕೊಂಡು ಹೋಗುತ್ತಿತ್ತು. ಅಷ್ಟರಲ್ಲಿ ಅತ್ತೆಯ ದನಿ ಒಡೆಯಿತು. ಮೊದಮೊದಲು ಶೀತ ಅಂದರು. ಬಿಸಿನೀರು ಕುಡಿದರು, ಉಪ್ಪುನೀರು ಮುಕ್ಕಳಿಸಿದರು. ಕೊನೆಗೆ ತೂತು ಬಿದ್ದ ಕೊಳವೆಯಲ್ಲಿ ಗಾಳಿ ಊದಿದ ಹಾಗೆ ಬರೀ ಉಸಿರೇ ಹೊರಬರತೊಡಗಿದಾಗ ಆಸ್ಪತ್ರೆಗೆ ಕರೆದುಕೊಂಡು ಹೋದರು. ದನಿಯ ತಂತುವಿನ ಮೇಲೆ ಗಂಟು. ತೆಗೆದದ್ದೂ ಆಯಿತು, ಅಪಾಯದ್ದಲ್ಲ ಅಂತಲೂ ಗೊತ್ತಾಯಿತು. ಆದರೆ ಡಾಕ್ಟರಮ್ಮ ಬೆರಳೆತ್ತಿ ಎಚ್ಚರಿಸಿದಳು: "ಕೆಲವು ವಾರ ಒಂದೇ ಒಂದು ಮಾತಿಲ್ಲ. ಪಿಸುಮಾತೂ ಇಲ್ಲ. ಪಿಸುಗುಟ್ಟಿದರೆ ಇನ್ನೂ ಜಾಸ್ತಿ ಉಜ್ಜತ್ತೆ. ಗಾಯ ಮಾಗೋದರೊಳಗೆ ಮಾತಾಡಿದರೆ, ಅಜ್ಜೀ, ಈ ದನಿ ಮತ್ತೆ ಬರೋದು ಕಷ್ಟ."

ಅತ್ತೆ ಶಾಲೆಯ ಹುಡುಗಿಯ ಹಾಗೆ ತಲೆಯಾಡಿಸಿದರು. ದಾರಿಯಲ್ಲಿ ಮೊಮ್ಮಗಳು ಒಂದು ಸ್ಲೇಟು, ಬಳಪ ಕೊಡಿಸಿದಳು.

ಮನೆಗೆ ಬಂದ ಸಂಜೆಯೇ ಶುರುವಾಯಿತು. ತಟ್ಟೆಗೆ ಬಡಿಸಿದ್ದಾಗಿತ್ತು. ಅತ್ತೆ ಎದ್ದು, ಕುರ್ಚಿಯ ಹಿಂದೆ ಹೋಗಿ, ಅದರ ಬೆನ್ನು ಹಿಡಿದು, ಬಾಯಿ ತೆರೆದರು. ಸೊಸೆ ಸೌಟನ್ನು ಅಲ್ಲೇ ಬಿಟ್ಟು ಓಡಿ ಹೋಗಿ ಅತ್ತೆಯ ಬಾಯಿಗೆ ಕೈ ಅಡ್ಡ ಹಿಡಿದಳು. ಮದುವೆಯಾಗಿ ಬಂದಾಗಿನಿಂದ ಒಂದು ಸಲವೂ ಅವರ ಮಾತಿಗೆ ಎದುರಾಡದವಳು ಈಗ ಬಾಯನ್ನೇ ಮುಚ್ಚಿಬಿಟ್ಟಿದ್ದಳು. ಮೊಮ್ಮಗಳಿಗೆ ನಗು ತಡೆಯಲಾಗಲಿಲ್ಲ.

ಅತ್ತೆ ಸ್ಲೇಟು ಎಳೆದುಕೊಂಡು ದೊಡ್ಡ ಅಕ್ಷರದಲ್ಲಿ ಬರೆದರು: 'ನನ್ನ ಬದಲು ಯಾರಾದರೂ ಹೇಳಿ. ಇಲ್ಲವಾದರೆ ನಾನೇ ಹೇಳ್ತೀನಿ.'

"ಮನಸ್ಸಿನಲ್ಲೇ ಹೇಳ್ಕೊಳ್ಳಿ ಅತ್ತೆ," ಅಂದಳು ಸೊಸೆ.

'ಅದು ನನಗೆ ನಾನೇ ಹೇಳಿಕೊಂಡ ಹಾಗೆ. ಬಾಯಾರೆ ಅಂತ ಮಾತು ಕೊಟ್ಟಿದೀನಿ.'

ಅವರ ಮುಖ ನೋಡಿದರೆ ಅದು ಬೆದರಿಕೆಯಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದು ಎಂದು ತಿಳಿಯುತ್ತಿತ್ತು. ಎಲ್ಲರ ಕಣ್ಣೂ ತಾವಾಗಿಯೇ ಮಾವನ ಕಡೆ ತಿರುಗಿದವು. ಇಲ್ಲ ಅನ್ನುವವನಿಂದ ಆಗದ ಕೆಲಸ, ಗೊತ್ತಿಲ್ಲ ಅನ್ನುವವರಿಂದ ಆಗಬೇಕಲ್ಲ. ಅವರು ಅರ್ಧ ದಾರಿಯಲ್ಲಿದ್ದಾರೆ, ಇನ್ನರ್ಧ ಹೆಂಡತಿಗಾಗಿ ನಡೆದರಾಯಿತು ಎಂದು ಎಲ್ಲರ ಲೆಕ್ಕಾಚಾರ.

ಮಾವ ತಟ್ಟೆಯನ್ನು ಒಂದಿಷ್ಟು ದೂರ ಸರಿಸಿದರು. "ನನ್ನಿಂದ ಆಗಲ್ಲ."

"ಯಾಕೆ ಮಾವ?"

"ಆಗಲ್ಲ ಅಂದೆನಲ್ಲಮ್ಮ."

ಅತ್ತೆ ಮತ್ತೆ ಕುರ್ಚಿಯ ಬೆನ್ನಿಗೆ ಕೈ ಹಾಕಿದರು. ಆಗ ಯಾರೂ ಎಣಿಸದೆ ಇದ್ದದ್ದು ನಡೆಯಿತು. ಮಗ ಎದ್ದು ನಿಂತ. "ಬಿಡಮ್ಮ, ನಾನು ಹೇಳ್ತೀನಿ."

"ನೀನಾ?" ಅಂದರು ಮಾವ. "ಇಲ್ಲ ಅನ್ನೋನು ನೀನು."

"ಅದಕ್ಕೇ ಸುಲಭ. ಕೇಳೋರು ಯಾರೂ ಇಲ್ಲ ಅಂದಮೇಲೆ ನಾನು ಸುಳ್ಳು ಹೇಳಿದ್ದು ಯಾರಿಗೆ? ಅಮ್ಮನ ದನಿ ಉಳಿಯತ್ತೆ. ಅಷ್ಟೇ ತಾನೆ ಬೇಕಾಗಿರೋದು?" ಅವನು ಗಂಟಲು ಸರಿಪಡಿಸಿಕೊಂಡ. ಸಂಜೆ ಪಾಳಿ ಮುಗಿಸಿ ಮೇಲಿನವರಿಗೆ ಒಪ್ಪಿಸುವ ದನಿಯಲ್ಲಿ, "ದೇವರೇ, ಮನೆಯಲ್ಲಿ ಎಲ್ಲಾ ಸರಿಯಾಗಿದೆ. ನಾನು ಕೆಲಸಕ್ಕೆ ಹೋಗಿ ಬಂದೆ. ಮಗಳು ಓದ್ತಿದಾಳೆ. ಹೆಂಡತಿ," ಎಂದು ತಡವರಿಸಿ ಅವಳ ಕಡೆ ಬಾಗಿ, "ಏನು ಮಾಡಿದೆ ಇವತ್ತು?" ಅಂತ ಕೇಳಿದ.

"ಮಧ್ಯದಲ್ಲಿ ನನ್ನ ಕೇಳಬೇಡಿ. ಅತ್ತೆ ಯಾವತ್ತೂ ಕೇಳಿಲ್ಲ."

"ಹೆಂಡತಿ ಚೆನ್ನಾಗಿದಾಳೆ. ಉಪಕಾರ. ಮುಗೀತು."

ಊಟ ಆವತ್ತು ಅರ್ಧ ಬಿಸಿಯಾಗಿಯೇ ಇತ್ತು. ಅತ್ತೆ ಉಣ್ಣುವ ಮುಂಚೆ ಸ್ಲೇಟಿನ ಮೇಲೆ ಒಂದು ಸಾಲು ಗೀಚಿ ಮಗನ ಮುಂದೆ ತಳ್ಳಿದರು. 'ನೀನು ಇದನ್ನ ಹೇಳಿದ್ದು ನನಗೆ. ಅವನಿಗಲ್ಲ.'

ವಾರ ಕಳೆಯುವುದರೊಳಗೆ ಅದೊಂದು ಒಣ ಕೆಲಸವಾಗಿಬಿಟ್ಟಿತು. ಮಗ ದಿನವೂ ನಿಂತು, ಎಲ್ಲಾ ಸರಿಯಾಗಿದೆ ಎಂದು ಹೇಳಿ ಕೂರುತ್ತಿದ್ದ. ಸೊಸೆ ಯಂತ್ರದ ಮುಂದೆ ಕೂತು ಶಾಲಾ ಸಮವಸ್ತ್ರಗಳ ಕಾಲರು ತಿರುಗಿಸುವಾಗ ಒಂದು ವಿಷಯ ಗಮನಿಸಿದಳು. ಭುಜ ನೋಯುತ್ತಿತ್ತು, ಆದರೆ ಈಚೆಗೆ ಅದರ ಮಾತೇ ಮನೆಯಲ್ಲಿ ಬರುತ್ತಿರಲಿಲ್ಲ. ಮಾವನ ಮಂಡಿಯ ಮಾತೂ ಇಲ್ಲ. ಮಗಳು ಒಂದು ದಿನ ಕಣ್ಣು ಕೆಂಪು ಮಾಡಿಕೊಂಡು ಮನೆಗೆ ಬಂದಿದ್ದಳು, ಯಾಕೆಂದು ಮೇಜಿನ ಹತ್ತಿರ ಯಾರೂ ಕೇಳಲಿಲ್ಲ. ಅತ್ತೆ ದೇವರಿಗೆ ಹೇಳುತ್ತಿದ್ದುದನ್ನು ಇಷ್ಟು ವರ್ಷ ಕೇಳಿಸಿಕೊಳ್ಳುತ್ತಿದ್ದದ್ದು ತಾವೇ ಅಲ್ಲವೇ ಎನ್ನಿಸಿ ಅವಳ ಕಾಲು ಯಂತ್ರದ ಪೆಡಲಿನ ಮೇಲೆ ನಿಂತಿತು. ಹಾಗಾದರೆ ಅದು ಅಷ್ಟೇಯೋ, ಇನ್ನೂ ಏನಾದರೂ ಇತ್ತೋ?

ಅಷ್ಟರಲ್ಲಿ ಬಚ್ಚಲಿನ ನಲ್ಲಿ ಜೋರಾಗಿ ಹರಿಯುತ್ತಿರುವುದು ಕೇಳಿಸಿತು. ಯಾರೂ ಸ್ನಾನಕ್ಕೆ ಹೋಗಿರಲಿಲ್ಲ. ಬಕೆಟ್ ತುಂಬಿ ಹರಿಯುತ್ತಿರಬೇಕು ಎಂದು ಅವಳು ಎದ್ದು ಹೋಗಿ ಬಾಗಿಲು ತಳ್ಳಿದರೆ, ಅತ್ತೆ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದರು. ನೀರಿನ ಸದ್ದಿನ ಮರೆಯಲ್ಲಿ ಅವರ ತುಟಿ ಅಲುಗುತ್ತಿತ್ತು. "... ಹುಡುಗಿ ಅತ್ತಿದಾಳೆ ಕಣಪ್ಪಾ, ಯಾರೋ ಏನೋ ಅಂದಿದಾರೆ ..."

"ಅತ್ತೆ!"

ಅತ್ತೆ ತಿರುಗಿದರು. ಕೆಮ್ಮು ಹಿಡಿದು ಬಿಡಲಿಲ್ಲ.

ಡಾಕ್ಟರಮ್ಮ ಗಂಟಲೊಳಗೆ ಬೆಳಕು ಬಿಟ್ಟು ನೋಡಿದಳು. ಊದಿದೆ ಅಂದಳು. ಬೈಯಲಿಲ್ಲ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಇನ್ನೊಂದು ಸಲ ಹೀಗಾದರೆ ನನ್ನ ಕೈಲಿ ಏನೂ ಇಲ್ಲ," ಅಂದಳು.

ಆವತ್ತು ಊಟದ ಮೇಜಿನಲ್ಲಿ ಮಗನ ಸಹನೆಯ ಕಟ್ಟೆ ಒಡೆಯಿತು. "ಇಲ್ಲದೇ ಇರೋ ಒಬ್ಬನಿಗೋಸ್ಕರ ಇರೋ ದನಿ ಕಳ್ಕೊತೀಯೇನಮ್ಮಾ? ನಾನು ದಿನಾ ನಿಂತ್ಕೊಂಡು ಹೇಳ್ತಿಲ್ವಾ? ಇನ್ನೇನು ಮಾಡಬೇಕು ನಾನು, ನೆಲದ ಮೇಲೆ ಉರುಳಾಡಬೇಕಾ?"

ಸ್ಲೇಟು: 'ಇಲ್ಲ ಅಂತ ನಿನಗೆ ಹೇಗೆ ಗೊತ್ತು?'

"ಎಲ್ಲಾದರೂ ಇದ್ದರೆ ಇಷ್ಟು ಹೊತ್ತಿಗೆ ಗೊತ್ತಾಗಬೇಕಿತ್ತು. ಕೆಟ್ಟು ನಿಂತ ಲಿಫ್ಟು ಎಷ್ಟೋ ನೋಡಿದೀನಿ. ಒಂದರಲ್ಲಾದರೂ ಕಾರಣ ಸಿಗದೆ ಇದ್ದದ್ದಿಲ್ಲ. ಹಗ್ಗ, ಮೋಟರು, ವೈರು, ಇಲಿ. ದೇವರು ಅಂತ ಎಲ್ಲೂ ಬರೆಯೋ ಪ್ರಸಂಗ ಬಂದಿಲ್ಲ."

"ಲಿಫ್ಟು ಯಾಕೆ ನಿಂತಿತು ಅನ್ನೋದು ಬೇರೆ," ಅಂದರು ಮಾವ. "ಕಟ್ಟಡ ಯಾಕೆ ಇದೆ ಅನ್ನೋದು ಬೇರೆ. ಮೊದಲನೇದು ನಿನಗೆ ಗೊತ್ತು. ಎರಡನೇದು ನನಗೂ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ."

"ಅಪ್ಪ, ನಮ್ಮ ಮಾಳಿಗೆ ಮೇಲೆ ಆನೆ ಇದೆ ಅಂತ ಯಾರಾದರೂ ಬಂದು ಹೇಳಿದರೆ 'ಗೊತ್ತಿಲ್ಲ' ಅಂತೀಯಾ? ಇಲ್ಲ ಅಂತೀಯಾ?"

"ಆನೆ ಇದ್ದರೆ ಮಾಳಿಗೆ ಬಿರುಕು ಬಿಡತ್ತೆ. ಲದ್ದಿ ಬೀಳತ್ತೆ. ಹತ್ತಿ ನೋಡಿ ಇಲ್ಲ ಅಂತೀನಿ. ಗೋಡೆಯೊಳಗಿನ ನೀರು ಹಾಗಲ್ಲ. ನಾನು ಕಡ್ಡಿ ಇಟ್ಟು ಕೇಳ್ತೀನಿ. ಸದ್ದು ಬರದಿದ್ದರೆ ಮನೆಯವರಿಗೆ 'ನನಗೆ ಸಿಗಲಿಲ್ಲ' ಅಂತೀನಿ. 'ಇಲ್ಲ' ಅಂತ ಯಾವತ್ತೂ ಅಂದಿಲ್ಲ."

"ಸುಳ್ಳು! ಎಲ್ಲಾ ನಲ್ಲಿ ಮುಚ್ಚಿಸಿ ನೀರಿನ ಮೀಟರ್ ನೋಡ್ತೀಯ. ಮುಳ್ಳು ಅಲುಗದಿದ್ದರೆ ಸೋರಿಕೆ ಇಲ್ಲ ಅಂತ ಹೇಳಿ ಚಹಾ ಕುಡಿದು ಬರ್ತೀಯ. ನಾನೇ ನಿನ್ನ ಜೊತೆ ಬಂದು ನೋಡಿದೀನಿ."

ಮಾವ ತುತ್ತನ್ನು ಬಾಯಿಯ ಹತ್ತಿರವೇ ನಿಲ್ಲಿಸಿದರು. ಮೊಮ್ಮಗಳು ಮೇಜು ಕುಟ್ಟಿದಳು. "ಅಪ್ಪನಿಗೆ ಒಂದು ಪಾಯಿಂಟು!"

"ಸರಿ, ಒಪ್ಪಿದೆ," ಅಂದರು ಮಾವ. "ಮೀಟರ್ ಇದ್ದ ಕಡೆ ಇಲ್ಲ ಅಂದಿದೀನಿ. ಇದಕ್ಕೆ ಮೀಟರ್ ಎಲ್ಲಿದೆ ಹೇಳು."

"ತಾತನಿಗೂ ಒಂದು!"

"ಗೋಡೆ ಒದ್ದೆ ಆಗಲ್ಲ, ಸದ್ದು ಬರಲ್ಲ, ಯಾವ ಮೀಟರಿಗೂ ಸಿಗಲ್ಲ. ಅಂಥ ಸೋರಿಕೆಗೂ ಸೋರಿಕೆ ಇಲ್ಲದೇ ಇರೋದಕ್ಕೂ ಏನು ವ್ಯತ್ಯಾಸ ಅಪ್ಪ? ನೀನು ಗೊತ್ತಿಲ್ಲ ಅಂತೀಯ, ಆದರೆ ಬದುಕೋದೆಲ್ಲ ನನ್ನ ಥರಾನೇ. ನನಗಿಂತ ಒಂದು ಸಲ ಜಾಸ್ತಿ ಕೈ ಮುಗಿದಿದೀಯಾ? ನೀನೂ ಇಲ್ಲ ಅನ್ನೋನೇ. ಹೇಳೋಕೆ ಸಂಕೋಚ."

ಮಾವನಿಗೆ ಕೋಪ ಬರುವುದು ಅಪರೂಪ. ಆವತ್ತು ಬಂತು. "ಹಾಗಿದ್ದರೆ ಆವತ್ತು ನಿನ್ನ ಹಾಗೆ ಎದ್ದು ನಿಂತು ಹೇಳಿಬಿಡ್ತಿದ್ದೆ ಕಣೋ! ಅದೇ ವ್ಯತ್ಯಾಸ!" ಎಂದು ತಟ್ಟೆ ಬಿಟ್ಟು ಎದ್ದರು.

ಯಾರಿಗೂ ಅದರ ಅರ್ಥವಾಗಲಿಲ್ಲ. ಮೊಮ್ಮಗಳು ಕೂಡ ಪಾಯಿಂಟು ಕೊಡಲು ಮರೆತಳು. ಅತ್ತೆ ಸ್ಲೇಟನ್ನು ಸೆರಗಿನಿಂದ ಒರೆಸುತ್ತ ಗಂಡ ಹೋದ ದಿಕ್ಕನ್ನೇ ನೋಡುತ್ತಿದ್ದರು. ಆ ಮಾತನ್ನು ಬಾಯಲ್ಲಿ ಚಪ್ಪರಿಸಿದ ಹಾಗೆ ಮತ್ತೆ ಮತ್ತೆ ನೆನೆಸಿಕೊಂಡವಳು ಸೊಸೆ.

ಮರುದಿನ ಹಿಂಬಾಗಿಲ ಮೆಟ್ಟಿಲ ಮೇಲೆ ಮಾವ ಹಳೇ ನಲ್ಲಿಯೊಂದನ್ನು ಬಿಚ್ಚಿ ವಾಷರ್ ಬದಲಿಸುತ್ತ ಕೂತಿದ್ದರು. ಸೊಸೆ ಗುಂಡಿ ಹಾಕಬೇಕಿದ್ದ ಅಂಗಿಗಳ ರಾಶಿ ತಂದು ಪಕ್ಕದಲ್ಲಿ ಕೂತಳು.

"ಮಾವ, ಒಂದು ಕೇಳ್ಲಾ? ಬೈಬಾರದು."

"ಬೈಯೋ ಅಷ್ಟು ಹಲ್ಲು ಉಳಿದಿಲ್ಲ. ಕೇಳು."

"ನಿಮ್ಮ ಮಗ ಇಲ್ಲ ಅಂದುಕೊಂಡೂ ಹೇಳಿದರು. ನಿಮಗೆ ಯಾಕೆ ಆಗಲಿಲ್ಲ?"

ಮಾವ ವಾಷರನ್ನು ಬೆರಳ ತುದಿಯಲ್ಲಿ ತಿರುಗಿಸಿದರು. "ಅವನಿಗೇನಮ್ಮ, ಖಾಲಿ ಮನೆ. ಏನು ಬೇಕಾದರೂ ಕೂಗಬಹುದು. ನಿಮ್ಮತ್ತೆಗೆ ತುಂಬಿದ ಮನೆ, ಸಲಿಗೆ ಇದೆ. ನನಗೆ ಒಳಗೆ ಯಾರಾದರೂ ಇದಾರೋ ಇಲ್ವೋ ಗೊತ್ತಿಲ್ಲ. ಅಕಸ್ಮಾತ್ ಇದ್ದರೆ? ಇಷ್ಟು ವರ್ಷ ಮಾತಾಡಿಸದೆ ಇದ್ದು, ಈಗ ನೆಂಟನ ಥರ ನುಗ್ಗಿ 'ನೋಡಪ್ಪಾ' ಅಂದರೆ ಮರ್ಯಾದೆನಾ? ಇಲ್ಲದಿದ್ದರೆ ಪರವಾಗಿಲ್ಲ. ಇದ್ದರೆ ನಾಚಿಕೆ."

ಸೊಸೆ ಸೂಜಿಗೆ ದಾರ ಪೋಣಿಸಿ ಗಂಟು ಹಾಕಿದಳು. ಎಲ್ಲರೂ ಮಾವನನ್ನು ಅರ್ಧ ದಾರಿಯಲ್ಲಿದ್ದಾರೆಂದು ಅಂದುಕೊಂಡದ್ದು ಎಂಥ ತಪ್ಪು! ಅವರು ದಾರಿಯಲ್ಲಿರಲೇ ಇಲ್ಲ, ಬಾಗಿಲ ಮುಂದೆ ನಿಂತಿದ್ದರು.

"ಮಾವ, ಕೆಲಸಕ್ಕೆ ಅಂತ ಯಾರದೋ ಮನೆಗೆ ಹೋಗ್ತೀರಲ್ಲ. ಒಳಗೆ ಯಾರಿದಾರೋ ಇಲ್ವೋ ಗೊತ್ತಿರಲ್ಲ. ಆಗ ಏನು ಮಾಡ್ತೀರಿ?"

"ಬಾಗಿಲು ತಟ್ತೀನಿ."

"ತಟ್ಟಿ?"

"'ಯಾರಾದರೂ ಇದ್ದೀರಾ?' ಅಂತೀನಿ. 'ಪ್ಲಂಬರ್ ಬಂದಿದೀನಿ' ಅಂತೀನಿ. ಕಾಯ್ತೀನಿ."

"ಅದರಲ್ಲಿ ಮರ್ಯಾದೆಗೆಟ್ಟದ್ದು ಏನಿದೆ?"

ಮಾವನ ಬೆರಳಿಂದ ವಾಷರ್ ಜಾರಿ ಮೆಟ್ಟಿಲ ಮೇಲೆ ಉರುಳಿಕೊಂಡು ಕೆಳಗೆ ಹೋಯಿತು. ಅದನ್ನು ಹುಡುಕುವ ನೆಪದಲ್ಲಿ ಅವರು ತುಂಬ ಹೊತ್ತು ಬಗ್ಗಿಕೊಂಡೇ ಇದ್ದರು.

ಆ ಸಂಜೆ ಮಗ ಎಂದಿನಂತೆ ಎದ್ದಾಗ ಮಾವ ಅವನ ತೋಳು ಹಿಡಿದು ಕೂರಿಸಿದರು. ತಾವು ಎದ್ದು, ಹೆಂಡತಿಯ ಕುರ್ಚಿಯ ಹಿಂದೆ ಹೋಗಿ ನಿಂತರು. ಕೈಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಕೊನೆಗೆ ಬೆರಳ ಗೆಣ್ಣಿನಿಂದ ಕುರ್ಚಿಯ ಮರವನ್ನು ಮೆಲ್ಲಗೆ ತಟ್ಟಿದರು.

"ಯಾರಾದರೂ ಇದ್ದೀರಾ?"

ತಟ್ಟಿ ಸುಮ್ಮನಾದರು. ಕಣ್ಣು ಮುಚ್ಚಿ, ತಲೆಯನ್ನು ಒಂದು ಬದಿಗೆ ವಾಲಿಸಿದರು. ಗೋಡೆಯ ಮುಂದೆ ಕಡ್ಡಿ ಹಿಡಿದು ನಿಲ್ಲುವಾಗಿನ ಅದೇ ಭಂಗಿ. ಅದನ್ನು ನೋಡಿ ಉಳಿದವರಿಗೂ ಉಸಿರು ಬಿಗಿಹಿಡಿಯುವಂತಾಯಿತು. ಅಡುಗೆಮನೆಯಲ್ಲಿ ಒಲೆ ಆರುತ್ತ ಟಿಕ್ ಟಿಕ್ ಎಂದಿತು. ಬೀದಿಯಲ್ಲಿ ಯಾರೋ ಸೈಕಲ್ ತಳ್ಳಿಕೊಂಡು ಹೋದರು. ಮೇಲಿನ ಮನೆಯಲ್ಲಿ ಕುರ್ಚಿ ಎಳೆದ ಸದ್ದು. ತನ್ನ ಗಂಡನ ಮೂಗಿನ ಉಸಿರು, ಮಗಳ ಬಳೆ, ತನ್ನದೇ ಕಿವಿಯೊಳಗಿನ ಗುಂಯ್ ಎನ್ನುವ ನಾದ, ಎಲ್ಲವೂ ಸೊಸೆಗೆ ಕೇಳಿಸಿತು. ಇಷ್ಟೆಲ್ಲ ಸದ್ದು ಈ ಮನೆಯಲ್ಲಿ ದಿನಾ ಇತ್ತೇ?

"ಯಾರೂ ಇಲ್ಲ ಅಪ್ಪ," ಅಂದ ಮಗ ಮೆಲ್ಲಗೆ. "ಊಟ ಆರ್ತಿದೆ."

"ಇರೋ. ಬಾಗಿಲು ತಟ್ಟಿದ ಮೇಲೆ ಸ್ವಲ್ಪ ಕಾಯಬೇಕು. ವಯಸ್ಸಾದವರು ಇದ್ದರೆ ಎದ್ದು ಬರೋಕೆ ಹೊತ್ತಾಗತ್ತೆ."

ಮೊಮ್ಮಗಳು ಕಿಸಕ್ಕೆಂದು ನಕ್ಕಳು. ಅತ್ತೆಯ ಹೆಗಲು ಕುಲುಕಿತು, ನಗು ದನಿಯಾಗದ ಹಾಗೆ ಅವರು ಬಾಯಿಗೆ ಕೈ ಒತ್ತಿ ಹಿಡಿದರು.

"ಇದ್ದೀರೋ ಇಲ್ವೋ ನನಗೆ ಗೊತ್ತಾಗಲಿಲ್ಲ," ಎಂದು ಮಾವ ಮುಂದುವರಿಸಿದರು. "ಇದ್ದರೆ ಕೇಳಿಸ್ಕೊಳ್ಳಿ. ನಮ್ಮ ಮನೆಯವಳು ಕಳಿಸಿದಾಳೆ, ಅದಕ್ಕೇ ಬಂದೆ. ಅವಳ ಗಂಟಲು ಊದಿದೆ. ನಮಗೆಲ್ಲ ಹೆದರಿಕೆ ಆಗಿದೆ. ಮಗ ಕೂಗಾಡಿದ್ದು ಅದಕ್ಕೇ. ನಾನು ಕೂಗಾಡಿದ್ದೂ ಅದಕ್ಕೇ. ಮೊಮ್ಮಗಳು ಆವತ್ತು ಅತ್ತಳು, ಯಾಕೆ ಅಂತ ನಾವು ಕೇಳಲಿಲ್ಲ. ಇವತ್ತು ಕೇಳ್ತೀವಿ. ಅಷ್ಟೇ. ಬರ್ತೀನಿ."

ಅತ್ತೆಯ ಸ್ಲೇಟಿನಲ್ಲಿ ಒಂದೇ ಪದವಿತ್ತು: 'ತಲುಪಿತು.'

"ತಲುಪಿದ್ದು ನಿನಗೆ ಹೇಗೆ ಗೊತ್ತು ಅಜ್ಜಿ?" ಎಂದಳು ವಕೀಲಮ್ಮ. ಅಜ್ಜಿ ಅವಳ ಕೆನ್ನೆ ಹಿಂಡಿ, ಆವತ್ತು ಅತ್ತದ್ದು ಯಾಕೆಂದು ಹುಬ್ಬಿನಲ್ಲೇ ಕೇಳಿದರು. ಜೊತೆಗೆ ಓದುವ ಗೆಳತಿ ಮಾತು ಬಿಟ್ಟಿದ್ದಳಂತೆ. ಆ ಕತೆ ಊಟದುದ್ದಕ್ಕೂ ನಡೆಯಿತು.

ಬಚ್ಚಲಿನ ನಲ್ಲಿ ಆಮೇಲೆ ಸುಮ್ಮಸುಮ್ಮನೆ ಹರಿಯಲಿಲ್ಲ. ಮಾವ ದಿನವೂ ತಟ್ಟಿದರು, ಕಾದರು, ಹೇಳಿದರು. ಒಂದು ಸಂಜೆ ಮಾತ್ರ ಅವರು ಯಾವುದೋ ಕಟ್ಟಡದ ನೆಲಮಾಳಿಗೆಯಲ್ಲಿ ಸೋರಿಕೆ ಹುಡುಕುತ್ತ ಅಲ್ಲೇ ಉಳಿದುಬಿಟ್ಟರು. ಮತ್ತೆ ಮಗನ ಪಾಳಿ ಬಂತು. ಅವನು ಎದ್ದು ಕುರ್ಚಿಯ ಹಿಂದೆ ಹೋಗಿ ನಿಂತ.

"ಅಮ್ಮ, ನಾನು ಅಪ್ಪನ ಹಾಗೆ ತಟ್ಟಲ್ಲ. ಒಳಗೆ ಯಾರೂ ಇಲ್ಲ ಅಂತ ನನಗನ್ನಿಸಿದೆ. ತಟ್ಟಿದರೆ ನಾಟಕ ಆಗತ್ತೆ. ನೀನು ಬೇಜಾರು ಮಾಡ್ಕೋಬೇಡ." ಅವನು ಕುರ್ಚಿಯ ಬೆನ್ನನ್ನು ಅಮ್ಮನಂತೆಯೇ ಎರಡು ಕೈಯಲ್ಲಿ ಹಿಡಿದ. "ಯಾರಿಗೂ ಅಲ್ಲದೆ ಹೇಳ್ತೀನಿ. ನನ್ನ ಹೆಂಡತಿ ಈಚೆಗೆ ಅನ್ನದ ಪಾತ್ರೆ ಎಡಗೈಯಲ್ಲಿ ಇಳಿಸ್ತಾಳೆ. ಬಲಗೈ ಎತ್ತೋಕೆ ಆಗ್ತಿಲ್ಲ. ನಾನು ನೋಡಿದೀನಿ, ಕೇಳಿರಲಿಲ್ಲ. ದಿನಾ ಅಮ್ಮ ಹೇಳ್ತಿದ್ದಳಲ್ಲ, ಅವಳು ಹೇಳಿದ ಮೇಲೆ ನಾನು ಕೇಳೋದು ಏನಿದೆ ಅಂತ ಇದ್ದೆ. ನಾಳೆ ಅವಳನ್ನ ಡಾಕ್ಟರ ಹತ್ತಿರ ಕರ್ಕೊಂಡು ಹೋಗ್ತೀನಿ. ಅಷ್ಟೇ."

ಸೊಸೆಗೆ ಎತ್ತ ನೋಡಬೇಕೋ ತಿಳಿಯಲಿಲ್ಲ. ಬಡಿಸಿದ್ದ ತಟ್ಟೆಗೇ ಮತ್ತೆ ಬಡಿಸಲು ಹೋದಳು. ಅತ್ತೆ ಈ ಸಲವೂ ಬಳಪ ಎತ್ತಿಕೊಂಡರು. ಎಲ್ಲರೂ ಬಗ್ಗಿ ನೋಡಿದರು. 'ಇವತ್ತು ಸರಿಯಾಗಿ ಹೇಳಿದೆ.'

"ಆದರೆ ಅಜ್ಜಿ, ಅಪ್ಪ ಇಲ್ಲ ಅಂತಾನೇ ಹೇಳಿದ್ದು!"

ಅತ್ತೆ ಹೆಗಲು ಹಾರಿಸಿ, ಸ್ಲೇಟು ಒರೆಸಿ, ಇನ್ನೊಂದು ಸಾಲು ಬರೆದರು. 'ಅದನ್ನೂ ಮುಖ ನೋಡಿ ಹೇಳಿದ.'

ಯಾರ ಮುಖ ಎಂದು ಕೇಳಲು ವಕೀಲಮ್ಮ ಬಾಯಿ ತೆರೆದಳು. ಸೊಸೆ ಅವಳ ತಟ್ಟೆಗೆ ಇನ್ನೊಂದು ಸೌಟು ಬೇಳೆ ಸುರಿದು ಬಾಯಿ ಮುಚ್ಚಿಸಿದಳು.

ಗಾಯ ಮಾಗಿತು ಎಂದು ಡಾಕ್ಟರಮ್ಮ ಹೇಳಿದ ದಿನ ಮನೆಯಲ್ಲಿ ಗಡಿಬಿಡಿಯೋ ಗಡಿಬಿಡಿ. ಮೊಮ್ಮಗಳು ಸ್ಲೇಟನ್ನು ಗೋಡೆಗೆ ನೇತುಹಾಕಿದಳು. ಮಗ ಬೇಗ ಬಂದ. ಸೊಸೆ ಮೊಟ್ಟೆ ಬೇಯಿಸಿ, ಆಲೂಗಡ್ಡೆ ಹುರಿದು, ಎಲ್ಲಕ್ಕಿಂತ ಕೊನೆಗೆ ಅನ್ನದ ಪಾತ್ರೆಯನ್ನು ಗಂಡನಿಂದ ಇಳಿಸಿಕೊಂಡು ಬಡಿಸಿದಳು. ಹಬೆ ಎದ್ದೆದ್ದು ಬರುತ್ತಿತ್ತು. ಇವತ್ತಂತೂ ಇದು ಮಂಜುಗಡ್ಡೆಯೇ ಎಂದು ಅವಳು ಮನಸ್ಸಿನಲ್ಲೇ ನಕ್ಕಳು. ಇಷ್ಟು ವಾರದ ಸುದ್ದಿ ಬಾಕಿ ಉಳಿದಿದೆಯಲ್ಲ.

ಅತ್ತೆ ಕುರ್ಚಿಯ ಹಿಂದೆ ನಿಂತರು. ಬಂದ ದನಿ ಹಳೆಯದಾಗಿರಲಿಲ್ಲ. ಒರಟಾಗಿ, ತಗ್ಗಿನಲ್ಲಿ, ಬೇರೆ ಯಾರೋ ಮಾತಾಡಿದ ಹಾಗಿತ್ತು. ಆದರೆ ಅದು ದನಿಯೇ ಆಗಿತ್ತು.

"ನೋಡಪ್ಪಾ," ಅಂದರು ಅತ್ತೆ. "ಇಷ್ಟು ದಿನ ನನ್ನ ಬದಲು ಇಬ್ಬರು ಮಾತಾಡಿದರು. ಒಬ್ಬ ನೀನಿಲ್ಲ ಅಂದ. ಒಬ್ಬರು ಗೊತ್ತಿಲ್ಲ ಅಂದರು. ಇಬ್ಬರಲ್ಲಿ ಯಾರದು ಸರಿ ಅಂತ ಇವರು ಕಿತ್ತಾಡ್ತಾರೆ, ನನಗೆ ಅದು ಬೇಡ. ಇಬ್ಬರೂ ಸುಳ್ಳು ಹೇಳಲಿಲ್ಲ. ಆದರೆ ಒಂದು ಇದೆ. ನಾನು ಇಷ್ಟು ವರ್ಷ ಮಾತಾಡಿದೆ, ಒಂದು ದಿನ ಆದರೂ ನಿಂತು ಕೇಳಿಸ್ಕೊಂಡಿರಲಿಲ್ಲ. ಬಾಯಿ ಮುಚ್ಚಿದ ಮೇಲೆ ಇವರು ತಟ್ಟಿ ಕಾಯೋವಾಗ ನಾನೂ ಕೇಳಿಸ್ಕೊಂಡೆ."

"ಏನು ಕೇಳಿಸ್ತು ಅಜ್ಜಿ?" ಮೊಮ್ಮಗಳಿಗೆ ತಡೆದುಕೊಳ್ಳಲಾಗಲಿಲ್ಲ.

ಅತ್ತೆ ಯೋಚಿಸಿದರು. "ಹೇಳೋಕೆ ಗೊತ್ತಾಗ್ತಿಲ್ಲ ಮರಿ."

ಮಾವ ಮೆಲ್ಲಗೆ ಮೇಜು ಕುಟ್ಟಿದರು. "ನನಗೊಂದು ಪಾಯಿಂಟು."

"ಸುಮ್ಮನಿರ್ರೀ. ಇನ್ನೂ ಮುಗಿದಿಲ್ಲ." ಅತ್ತೆ ಕುರ್ಚಿ ಬಿಟ್ಟು ಪಕ್ಕಕ್ಕೆ ಸರಿದರು. "ಈ ಮನೆಯಲ್ಲಿ ಎಲ್ಲರೂ ಏನೇನೋ ಅಂದರು. ಒಬ್ಬಳನ್ನ ಮಾತ್ರ ಯಾರೂ ನೆಟ್ಟಗೆ ಕೇಳಲಿಲ್ಲ. ಇವರಿಗೆ ತಟ್ಟೋದು ಹೇಳಿಕೊಟ್ಟವಳು ಯಾರು ಅಂತ ನನಗೆ ಗೊತ್ತಿಲ್ಲ ಅಂದ್ಕೊಂಡಿದೀರಾ? ಬಾರೇ. ಇವತ್ತು ನೀನು ಹೇಳು."

"ಅಯ್ಯೋ ಅತ್ತೆ, ನನಗೆ ಬರಲ್ಲ."

"ಬರದಿದ್ದರೆ ಬರಲ್ಲ ಅಂತಲೇ ಹೇಳು. ಬಾ."

ಸೊಸೆ ಎದ್ದಳು. ಕುರ್ಚಿಯ ಬೆನ್ನಿನ ಮರ ಅತ್ತೆಯ ಕೈಯಿಂದ ಇನ್ನೂ ಬೆಚ್ಚಗಿತ್ತು. ಅಲ್ಲಿಂದ ಮೇಜು ಬೇರೆಯಾಗಿಯೇ ಕಾಣಿಸಿತು. ಮಾವ ಮಂಡಿ ನೀವಿಕೊಳ್ಳುವುದು, ಗಂಡ ತನ್ನ ಭುಜದ ಕಡೆ ನೋಡುವುದು, ಮಗಳು ಮೇಜಿನ ಕೆಳಗೆ ಫೋನು ಒತ್ತುವುದು, ಎಲ್ಲವೂ ಒಟ್ಟಿಗೆ ಕಣ್ಣಿಗೆ ಬಿತ್ತು. ಓಹೋ, ಅತ್ತೆಗೆ ಎಲ್ಲ ಗೊತ್ತಾಗುತ್ತಿದ್ದುದು ಇಲ್ಲಿ ನಿಂತೇ. ಹೇಳಬೇಕಾದದ್ದು ಬಹಳ ಇದೆ ಎನ್ನಿಸಿತು. ಕೇಳಬೇಕಾದದ್ದು ಅದಕ್ಕಿಂತಲೂ ಜಾಸ್ತಿ ಇದೆ ಎನ್ನಿಸಿತು. ಯಾವ ಕಡೆಯವಳು ತಾನು ಎಂಬುದು ಈಗಲೂ ತಿಳಿಯಲಿಲ್ಲ, ಆದರೆ ತಿಳಿದುಕೊಳ್ಳುವ ಆಸೆ ಮಾತ್ರ ಹಸಿವಿನ ಹಾಗೆ ಎದ್ದುಬಂತು.

ಹಸಿವು ಅಂದಕೂಡಲೇ ಅವಳ ಕಣ್ಣು ತಟ್ಟೆಗಳ ಮೇಲೆ ಹೋಯಿತು. ಹಬೆ ಇನ್ನೂ ಆಡುತ್ತಿತ್ತು.

"ನೋಡು," ಅಂದಳು ಅವಳು. "ನನಗೆ ಹೇಳೋದು ತುಂಬಾ ಇದೆ. ಕೇಳೋದೂ ಇದೆ. ಆದರೆ ಅಡುಗೆ ಮಾಡಿದವಳು ನಾನು. ಈ ಮನೆಯವರು ಒಂದು ದಿನವೂ ಬಿಸಿ ಊಟ ಮಾಡಿಲ್ಲ. ಮೊದಲು ಉಣ್ತೀವಿ. ಆಮೇಲೆ ಮಾತಾಡ್ತೀನಿ. ಇದ್ದರೆ ಕಾಯ್ತಾ ಇರು."

ಅತ್ತೆಯ ಹೊಸ ದನಿಯಲ್ಲಿ ಮೊದಲ ನಗು ಹೊರಬಿತ್ತು, ಒಡಕು ಗಂಟೆಯ ಹಾಗೆ. ಅವರೇ ಮೊದಲು ಕೂತು ತುತ್ತು ಎತ್ತಿದರು. "ಅಬ್ಬಾ, ಸುಡ್ತಿದೆ ಕಣೇ!" ಎಂದು ಬೆರಳು ಊದಿಕೊಂಡರು.

ಮಗ ಎರಡು ಸಲ ಬಡಿಸಿಕೊಂಡ. ಮಾವ ಬಿಸಿ ತಾಳಲಾರದೆ ಕಣ್ಣಲ್ಲಿ ನೀರು ತುಂಬಿಕೊಂಡೇ ಉಂಡರು. ತಟ್ಟೆಗಳು ಖಾಲಿಯಾದವು, ಕೈಗಳು ಒಣಗಿದವು. ಆದರೂ ಯಾರೊಬ್ಬರೂ ಮೇಜು ಬಿಟ್ಟು ಏಳಲಿಲ್ಲ.